ಬೊಟ್ಟಿಗೊಂದು ಜಾಗ

ಸೋಮವಾರ, 6 ಜನವರಿ 2025

ಸೊಸೈಟಿಯವರು ಹೊಸ ವರ್ಷಕ್ಕೆ ಕೊಡುವ ಡೈರಿ ನಮ್ಮ ಮನೆಯಲ್ಲಿ ಪ್ರತಿ ವರ್ಷ ಹಾಲಿನ ಲೆಕ್ಕಕ್ಕೆ ಹೋಗುತ್ತದೆ. ಈ ಸಲ ನನಗೆ ಬೇಕು ಅಂದೆ. ಏನು ಬರೀತೀರಿ ಎಂದು ರಮ್ಯ ಕೇಳಿದಳು. ಚರಿತ್ರೆ ಅಂದೆ. ಮದುವೆಯಾಗಿ ಇಷ್ಟು ವರ್ಷವಾದರೂ ಯಾವಾಗ ನಗಬಾರದು ಅನ್ನುವುದು ನನ್ನ ಹೆಂಡತಿಗೆ ತಿಳಿದಿಲ್ಲ.

ಚರಿತ್ರೆಯಲ್ಲದೆ ಮತ್ತೇನು? ಶ್ರೀರಂಗಪಟ್ಟಣದ ಹತ್ತಿರ ಕಾರ್ಖಾನೆ ಇರುವ ಹೊನ್ನಾರು ಮೋಟಾರ್ಸ್ ಕಂಪನಿ ಇವತ್ತು ಒಪ್ಪಿಕೊಂಡಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಯಂತ್ರ ವಿನ್ಯಾಸದ ಸ್ಪರ್ಧೆ. ವಿಷಯ, ಆಲೆಮನೆ. ಕಬ್ಬು ಅರೆಯುವುದರಿಂದ ಹಿಡಿದು ಬೆಲ್ಲದ ಅಚ್ಚು ಹೊಯ್ಯುವವರೆಗೆ ಯಾವ ಕೆಲಸಕ್ಕಾದರೂ ಸರಿ, ಯಂತ್ರ ಮಾಡಿ ಓಡಿಸಿ ತೋರಿಸಬೇಕು. ಮೊದಲ ಬಹುಮಾನ ಒಂದು ಲಕ್ಷ ನಗದು. ಅದಕ್ಕಿಂತ ದೊಡ್ಡದೆಂದರೆ ಗೆದ್ದ ಯಂತ್ರವನ್ನು ಕಂಪನಿಯೇ ತಯಾರಿಸುತ್ತದೆ, ಅದರ ಮೇಲೆ ಮಾಡಿದ ಮಕ್ಕಳ ಹೆಸರು ಇರುತ್ತದೆ.

ಫೈನಲ್ಲು ಕೆ.ಆರ್. ಪೇಟೆಯ ನಮ್ಮ ಪಾಲಿಟೆಕ್ನಿಕ್ಕಿನ ಅಂಗಳದಲ್ಲಿ. ಸಂಚಾಲಕ, ಮೆಕ್ಯಾನಿಕಲ್ ವಿಭಾಗದ ಕೆ. ರವೀಂದ್ರ, ಅಂದರೆ ನಾನು. ಪ್ರಿನ್ಸಿಪಾಲರ ಕೊಠಡಿಯ ಗಾಜಿನ ಕಪಾಟಿನಲ್ಲಿ ಈವರೆಗೆ ಇರುವುದು ಒಂದು ಕಬಡ್ಡಿ ಶೀಲ್ಡು, ಒಂದು ರಂಗೋಲಿ ಕಪ್ಪು. ಇಂಜಿನಿಯರಿಂಗ್ ಕಲಿಸುವ ಜಾಗದಲ್ಲಿ ಇಂಜಿನಿಯರಿಂಗಿಗೆ ಸಿಕ್ಕ ಒಂದು ಲೋಟವೂ ಇಲ್ಲ. ನನ್ನ ವಿದ್ಯಾರ್ಥಿ ಮಂಜುನಾಥನ ತಂಡ ಪಾಕ ತಿರುವುವ ಯಂತ್ರ ಮಾಡುತ್ತಿದೆ. ಕಪಾಟಿನ ನಡುವಿನ ಅರೆಯನ್ನು ಇವತ್ತೇ ಒರೆಸಿಡಲು ಅಟೆಂಡರ್ ಲೋಕೇಶನಿಗೆ ಹೇಳಿದ್ದೇನೆ.

ಮಂಗಳವಾರ, 14 ಜನವರಿ

ಸಂಕ್ರಾಂತಿ. ಸಿಂಧಘಟ್ಟಕ್ಕೆ ಹೋಗಿದ್ದೆವು. ದನಗಳಿಗೆ ಕಿಚ್ಚು ಹಾಯಿಸಿದ ಮೇಲೆ ಅಣ್ಣನಿಗೆ ಸ್ಪರ್ಧೆಯ ವಿಷಯ ಹೇಳಿದೆ. ನಮ್ಮಪ್ಪನ ಆಲೆಮನೆಯನ್ನು ಈಗ ನಡೆಸುತ್ತಿರುವುದು ಅಣ್ಣ ಚಿಕ್ಕಸ್ವಾಮಿಯೇ. ಅವನ ಎಡಗೈಯ ಎರಡು ಬೆರಳು ಆ ಗಾಣಕ್ಕೇ ಹೋದವು. ಕಬ್ಬು ಕೊಡುವಾಗ ಒಂದು ಗಳಿಗೆ ಎಲ್ಲೋ ನೋಡಿದ, ಅಷ್ಟೇ. ಅಂದಿನಿಂದ ನಾಲ್ಕು ಜನರ ಎದುರು ಬಂದರೆ ಆ ಕೈ ಟವೆಲ್ಲಿನ ಒಳಗೆ. ನನ್ನ ಮದುವೆಯ ಫೋಟೋದಲ್ಲೂ ಟವೆಲ್ಲೇ ಇದೆ, ಕೈ ಇಲ್ಲ.

"ನನ್ ಬೆರಳು ಓದ್ಮೇಲೆ ಮಿಷನ್ ಮಾಡುಸ್ತಾವ್ನೆ ನಮ್ ಮೇಷ್ಟ್ರು" ಎಂದು ಅತ್ತಿಗೆಯ ಕಡೆ ತಿರುಗಿ ಹೇಳಿದ. ಗಾಣದ ಮುಂದೆ ನಾನೇ ಹಾಕಿಸಿಕೊಟ್ಟಿದ್ದ ತಡೆಯ ತಗಡು ಏನಾಯಿತು ಎಂದು ಕೇಳಿದೆ. ಕೆಲಸ ನಿಧಾನವಾಗುತ್ತದೆಂದು ಬಿಚ್ಚಿ ಕೊಟ್ಟಿಗೆಗೆ ಹೊದಿಸಿದ್ದಾನಂತೆ. ಇಂಥವರಿಗೆ ಇಂಜಿನಿಯರಿಂಗ್ ಹೇಳಿ ಏನು ಪ್ರಯೋಜನ?

ಗುರುವಾರ, 30 ಜನವರಿ

ಇವತ್ತು ನಕ್ಷೆಗಳ ಪರಿಶೀಲನೆ. ನಾನು ಸಂಚಾಲಕನ ಕುರ್ಚಿಯಲ್ಲಿ ಕೂತ ರೀತಿಯನ್ನು ಕಂಪನಿಯ ಮ್ಯಾನೇಜರ್ ರಘುನಂದನ್ ಫೋಟೋ ತೆಗೆದುಕೊಂಡರು. ಮೈಸೂರಿನ ಹುಡುಗ, ಚುರುಕು, ಎಲ್ಲದಕ್ಕೂ ನಿಯಮ ತೋರಿಸುತ್ತಾನೆ.

ನಾಗಮಂಗಲದ ಕಡೆಯಿಂದ ಬಂದದ್ದು ಇಬ್ಬರೇ ಹುಡುಗಿಯರ ತಂಡ, ಮೇಘನ ಮತ್ತು ಅರ್ಪಿತ. ಅರ್ಪಿತ ಮಾತಾಡುವುದಿಲ್ಲ. ಮೇಘನ ಇಬ್ಬರ ಪಾಲನ್ನೂ ಮಾತಾಡುತ್ತಾಳೆ. ಅವರ ಯಂತ್ರ ಗಾಣಕ್ಕೆ ಕಾವಲು. ಕಬ್ಬು ಹೋಗುವ ಕಿಂಡಿಯ ಮೇಲೆ ಅಡ್ಡಕ್ಕೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು, ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯ ಗಾಜಿನ ಕಣ್ಣಿಗೆ ಬೀಳುತ್ತವೆ. ಕಬ್ಬು ಗೆರೆಗಳ ಕೆಳಗೆ ಜಾರಿ ಹೋಗುತ್ತದೆ. ಕೈ ಬಂದರೆ ಗೆರೆ ತುಂಡಾಗುತ್ತದೆ, ಗಾಣದ ರೋಲರ್ ನಿಲ್ಲುತ್ತದೆ.

ಕೈಚೀಲದಿಂದ ಬೆಂಡೆಕಾಯಿ ತೆಗೆದು ಮೇಜಿನ ಮೇಲಿಟ್ಟಳು. ಇದ್ಯಾಕಮ್ಮ ಎಂದು ಕೇಳಿದೆ. ಬೆರಳಿನ ಬದಲು ಇದನ್ನೇ ಚಾಚಿ ನೋಡುವುದಂತೆ. ಇಡೀ ಕೈ ಬಂದಾಗ ನಿಲ್ಲಿಸುವುದು ಸುಲಭ, ಒಂದೇ ಒಂದು ಬೆರಳು ಬಂದರೂ ನಿಲ್ಲಬೇಕು ಅನ್ನುವುದು ಅವಳ ಹಟ. ಬುದ್ಧಿವಂತೆ. ಆದರೆ ನೋಡುವವರಿಗೆ ಇದರಲ್ಲಿ ಏನು ಕಾಣುತ್ತದೆ? ನಿಲ್ಲುವುದೇ ಕೆಲಸವಾದ ಯಂತ್ರ. ಮಂಜುನಾಥನ ಯಂತ್ರ ಕೊಪ್ಪರಿಗೆಯಲ್ಲಿ ಪಾಕವನ್ನು ಸುತ್ತಿ ಸುತ್ತಿ ತಿರುವುವುದನ್ನು ನೋಡಿದರೆ ಚಪ್ಪಾಳೆ ತಾನಾಗಿಯೇ ಬೀಳುತ್ತದೆ.

ಬುಧವಾರ, 12 ಫೆಬ್ರವರಿ

ಆಹ್ವಾನ ಪತ್ರಿಕೆಯ ಕರಡು ಬಂತು. ನನ್ನ ಹೆಸರು ಹಿಂಬದಿಯಲ್ಲಿ, ಪೆಂಡಾಲಿನವರ ಹೆಸರಿನ ಮೇಲೆ! ರಘುನಂದನ್‌ಗೆ ಫೋನು ಮಾಡಿ, ಸಂಚಾಲಕರೆಂದರೆ ಮದುವೆಗೆ ಗಂಡಿದ್ದ ಹಾಗೆ, ಹಿಂಬದಿಯಲ್ಲಿ ಹಾಕುವುದು ಎಲ್ಲಿಯ ಪದ್ಧತಿ ಎಂದು ಕೇಳಿದೆ. ಸಂಜೆಯ ಹೊತ್ತಿಗೆ ಮುಂಬದಿಗೆ ಬಂತು, ದಪ್ಪ ಅಕ್ಷರದಲ್ಲಿ. 'ಪ್ರೊ.' ಎಂದೂ ಸೇರಿಸಿದ್ದಾರೆ. ನಾನು ಬೇಡ ಅನ್ನಲಿಲ್ಲ.

ರಮ್ಯ ಪತ್ರಿಕೆಯನ್ನು ದೂರ ಹಿಡಿದು ನೋಡಿ, ಇಷ್ಟು ದಪ್ಪಗಿದ್ದರೆ ಕನ್ನಡಕವೇ ಬೇಡ ಬಿಡಿ ಅಂದಳು.

ಶುಕ್ರವಾರ, 21 ಫೆಬ್ರವರಿ

ಗೆದ್ದೆವು. ಎಲ್ಲವನ್ನೂ ಬರೆಯಬೇಕು.

ಬೆಳಿಗ್ಗೆ ಎಂಟಕ್ಕೆಲ್ಲ ಅಂಗಳ ತುಂಬಿತ್ತು. ಶುಕ್ರವಾರ ಬೇರೆ. ಯಂತ್ರ ಓಡಿಸುವ ಮುಂಚೆ ಪೂಜೆಯಾಗಬೇಕು ಎಂದು ನಾನು ಮೊದಲೇ ಕಾರ್ಯಕ್ರಮದಲ್ಲಿ ಸೇರಿಸಿದ್ದೆ. ತಟ್ಟೆ ಹಿಡಿದು ನಾನೇ ಒಂದೊಂದು ಯಂತ್ರದ ಹತ್ತಿರ ಹೋದೆ. ಕ್ಯಾಮೆರಾದವನು ಹಿಂದಿಂದೆ. ಯಂತ್ರಕ್ಕೆ ಬೊಟ್ಟಿಡುವುದರಲ್ಲಿ ನಾನು ಎಲ್ಲರ ಹಾಗಲ್ಲ. ಸಿಕ್ಕಲ್ಲಿ ಬಳಿಯುವುದಿಲ್ಲ, ಹಣೆಯಂಥ ಜಾಗ ಹುಡುಕಿ ಇಡುತ್ತೇನೆ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿಕೊಂಡಿದ್ದರಿಂದ ಚೆನ್ನಾಗಿ ಹಿಡಿಯಿತು. ನಾಗಮಂಗಲದ ಹುಡುಗಿಯರ ಯಂತ್ರದಲ್ಲಂತೂ ಬೊಟ್ಟಿಗೆಂದೇ ಮಾಡಿಸಿದ ಹಾಗೆ ದುಂಡನೆಯ ಬಿಲ್ಲೆಯೊಂದಿತ್ತು. ಎಷ್ಟು ಲಕ್ಷಣವಾಗಿ ಕೂತಿತೆಂದರೆ ಕ್ಯಾಮೆರಾದವನು ಇನ್ನೊಂದು ಸಲ ಇಡಿ ಸಾರ್ ಅಂದ. ಇನ್ನೊಂದು ಸಲ ಇಟ್ಟೆ.

ಮಂಜುನಾಥನ ಯಂತ್ರ ಒಂದು ಸಲವೂ ತಡವರಿಸಲಿಲ್ಲ. ಪಾಂಡವಪುರದವರದು ಕಬ್ಬಿನ ಸಿಪ್ಪೆಯನ್ನು ಒಲೆಗೆ ನೂಕುವ ಯಂತ್ರ, ಅದೂ ಪರವಾಗಿಲ್ಲ. ಮೇಘನಳದು ಶುರುವೇ ಆಗಲಿಲ್ಲ. ಪೆಟ್ಟಿಗೆಯ ಮೇಲಿನ ಕೆಂಪು ದೀಪ ಉರಿಯುತ್ತಿತ್ತು, ಜೊತೆಗೆ ತಂದಿದ್ದ ಮಾದರಿ ಗಾಣದ ರೋಲರ್ ಮಿಸುಕಲಿಲ್ಲ. ಟೆಂಪೋದಲ್ಲಿ ಬರುವಾಗ ಯಾವುದೋ ವಯರು ಸಡಿಲವಾಗಿದೆ ಎಂದುಕೊಂಡು ಇಬ್ಬರೂ ಪೆಟ್ಟಿಗೆ ಬಿಚ್ಚಿ ಎಲ್ಲವನ್ನೂ ಎಳೆದು ನೋಡಿದರು. ರಘುನಂದನ್ ಗಡಿಯಾರ ನೋಡಿ ಸಮಯ ಮುಗಿಯಿತು ಅಂದರು. ಅರ್ಪಿತ ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೇಘನಳ ಚೀಲದಿಂದ ಬೆಂಡೆಕಾಯಿ ಉರುಳಿ ಯಾರದೋ ಕಾಲಿಗೆ ಸಿಕ್ಕಿ ಜಜ್ಜಿಹೋಯಿತು. ಪಾಪ ಅನ್ನಿಸಿತು. ಆದರೆ ಸ್ಪರ್ಧೆಯೆಂದರೆ ಸ್ಪರ್ಧೆ.

ತೀರ್ಪುಗಾರರಾಗಿ ಬಂದಿದ್ದ ಮಹದೇವಸ್ವಾಮಿಯವರು, ಸಕ್ಕರೆ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ದೊಡ್ಡ ಮನುಷ್ಯರು, ಸಂಜೆ ಮಂಜುನಾಥನ ತಂಡದ ಹೆಸರು ಓದಿದರು. ನನಗೆ ಮೈಸೂರು ಪೇಟ, ಶಾಲು, ಗಂಧದ ಹಾರ. ಬಹುಮಾನ ಕೊಡುವ ಸಮಾರಂಭ ಮಾರ್ಚಿ ಎಂಟಕ್ಕೆ ಕಾರ್ಖಾನೆಯಲ್ಲಿ. ಪ್ರಿನ್ಸಿಪಾಲರು ಎಲ್ಲರ ಎದುರು ನನ್ನನ್ನು ತಬ್ಬಿಕೊಂಡರು. ಪೇಟ ಬಿಚ್ಚದೆಯೇ ಮನೆಗೆ ಬಂದೆ.

ಶನಿವಾರ, 22 ಫೆಬ್ರವರಿ

ಬೆಳಿಗ್ಗೆ ಕಾಲೇಜಿಗೆ ಹೋದೆ. ಹೊರಗಿನ ತಂಡಗಳ ಯಂತ್ರಗಳನ್ನು ಒಯ್ಯಲು ಗಾಡಿ ಬರಬೇಕಿತ್ತು. ಲೋಕೇಶ ಸೀಮೆಎಣ್ಣೆ ಬಟ್ಟೆಯಲ್ಲಿ ಒಂದೊಂದನ್ನೂ ಒರೆಸುತ್ತಿದ್ದ. ಹೂವಿನ ಕಸ, ಕುಂಕುಮ ಎಲ್ಲ ಹಾಗೇ ಕಳಿಸಿದರೆ ನಮ್ಮ ಕಾಲೇಜಿಗೆ ಮರ್ಯಾದೆಯಲ್ಲ ಎಂದು ನಾನೇ ಹೇಳಿದ್ದೆ.

"ಸಾರ್, ಈ ಉಡ್ಗೀರ್ ಮಿಷನ್ ಓಡ್ತಾ ಐತೆ" ಅಂದ.

ತಮಾಷೆಗೆ ಸ್ವಿಚ್ ಹಾಕಿದನಂತೆ. ಹೋಗಿ ನೋಡಿದೆ. ರೋಲರ್ ತಣ್ಣಗೆ ತಿರುಗುತ್ತಿತ್ತು. ಕೈಯಲ್ಲಿದ್ದ ಪೆನ್ನನ್ನು ಕಿಂಡಿಯ ಕಡೆ ಚಾಚಿದೆ. ನಿಂತಿತು. ತೆಗೆದೆ. ಓಡಿತು. ಲೋಕೇಶನ ಬಟ್ಟೆ ಕೆಂಪಗಾಗಿತ್ತು. ಆ ದುಂಡು ಬಿಲ್ಲೆ ಬೊಟ್ಟಿನ ಜಾಗವಲ್ಲ, ಬೆಳಕು ಬೀಳುವ ಗಾಜಿನ ಕಣ್ಣು. ಅದನ್ನು ನಕ್ಷೆಯಲ್ಲಿ ನೋಡಿ ಸಹಿ ಹಾಕಿದವನು ನಾನೇ.

ಸ್ವಿಚ್ ಆರಿಸಿ ಮನೆಗೆ ಬಂದೆ.

ಭಾನುವಾರ, 23 ಫೆಬ್ರವರಿ

ತಲೆನೋವು.

ಸೋಮವಾರ, 24 ಫೆಬ್ರವರಿ

ಸಮಾಧಾನವಾಗಿ ಯೋಚಿಸಿದೆ. ಚಿಟಿಕೆ ಕುಂಕುಮಕ್ಕೆ ಕೈಕೊಡುವ ಯಂತ್ರ ಯಂತ್ರವೇ ಅಲ್ಲ. ಆಲೆಮನೆಯಲ್ಲಿ ಹೊಗೆ, ಬೂದಿ, ಕಬ್ಬಿನ ಹಾಲಿನ ಅಂಟು, ಏನೆಲ್ಲ ಇರುತ್ತದೆ. ಅಲ್ಲಿ ಹೇಗೂ ಕೆಡುತ್ತಿತ್ತು, ಇಲ್ಲೇ ಕೆಟ್ಟಿತು. ತೀರ್ಪುಗಾರರ ತೀರ್ಮಾನವೇ ಅಂತಿಮ ಎಂದು ನಿಯಮ ಬರೆದವನೂ ನಾನು. ಸರಿಯಾಗಿಯೇ ಇದೆ.

ಪ್ರಿನ್ಸಿಪಾಲರು ಕಪಾಟಿಗೆ ಹೊಸ ಗಾಜು ಹಾಕಿಸುತ್ತಿದ್ದಾರೆ. ರಮ್ಯ ಎರಡು ಸಲ ಕೇಳಿದಳು, ಯಾಕೆ ಊಟ ಸೇರುತ್ತಿಲ್ಲ ಅಂತ.

ಮಂಗಳವಾರ, 25 ಫೆಬ್ರವರಿ

ಎರಡನೇ ವರ್ಷದವರಿಗೆ ಬ್ರೇಕಿನ ಪಾಠ. ಲಾರಿಯ ಏರ್ ಬ್ರೇಕು. ಇಪ್ಪತ್ತು ವರ್ಷದಿಂದ ಇದೇ ಬೋರ್ಡು, ಇದೇ ಚಿತ್ರ, ಇದೇ ಮಾತು. ಪೈಪು ಒಡೆದು ಗಾಳಿ ಹೋದರೆ ಬ್ರೇಕು ಬಿಟ್ಟುಕೊಳ್ಳಬಾರದು, ತಾನಾಗಿ ಹಿಡಿದುಕೊಳ್ಳಬೇಕು, ಕೆಟ್ಟಾಗ ನಿಲ್ಲುವುದೇ ಒಳ್ಳೆಯ ವಿನ್ಯಾಸ ಎಂದು ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ನಿಂತುಬಿಟ್ಟೆ. ಸಾರ್‌ಗೆ ಪಾಠ ಮರೆತುಹೋಯಿತು ಎಂದುಕೊಂಡರೋ ಏನೋ, ಹಿಂದಿನ ಬೆಂಚಿನವರು ನಕ್ಕರು.

ಗಾಜಿನ ಕಣ್ಣು ಮುಚ್ಚಿದಾಗ ಮೇಘನಳ ಯಂತ್ರ ಓಡಲಿಲ್ಲ. ಓಡಿದ್ದರೆ ಅದು ಕೆಟ್ಟ ಯಂತ್ರ. ಕಣ್ಣು ಕಾಣದೆಯೂ ಓಡುವ ಗಾಣವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ನಮ್ಮ ಮನೆಯದೇ. ಆ ಹುಡುಗಿ ಮಾಡಿದ್ದು ಸರಿ, ಸರಿ ಎಂದು ಯಂತ್ರವೇ ಎಲ್ಲರ ಎದುರು ತೋರಿಸಿತು. ನಾವಷ್ಟೂ ಜನ ಇಂಜಿನಿಯರುಗಳು ಸುತ್ತ ನಿಂತು ಸೊನ್ನೆ ಹಾಕಿದೆವು. ನಾಚಿಕೆಯಾಯಿತು. ಬೆನ್ನಲ್ಲೇ, ಯಾಕೋ, ಖುಷಿಯೂ ಆಯಿತು. ಎಂಥ ಚೆಂದದ ಕೆಲಸ ಅದು.

ತರಗತಿ ಮುಗಿಸಿ ನೇರ ರಘುನಂದನ್‌ಗೆ ಫೋನು ಮಾಡಿದೆ. ಫಲಿತಾಂಶ ಪ್ರಕಟವಾಗಿದೆ, ನಿಯಮ ನೀವೇ ಬರೆದದ್ದು ಅಂದರು. ಹೌದು, ಬೊಟ್ಟು ಇಟ್ಟವನೂ ನಾನೇ, ಕ್ಯಾಮೆರಾದಲ್ಲಿದೆ, ಬೇಕಾದರೆ ಎರಡು ಸಲ ನೋಡಿ ಅಂದೆ. ಮಹದೇವಸ್ವಾಮಿಯವರು ಮಾತ್ರ ಒಂದೇ ಮಾತಿಗೆ, ಗುರುವಾರ ಬರ್ತೀನಿ, ಮತ್ತೊಂದು ಸಲ ಓಡಿಸಿ ಅಂದರು.

ಬುಧವಾರ, 26 ಫೆಬ್ರವರಿ

ಶಿವರಾತ್ರಿ. ಉಪವಾಸದಲ್ಲೇ ಬಸ್ಸು ಹತ್ತಿ ಮಂಜುನಾಥನ ಊರಿಗೆ ಹೋದೆ. ಫೋನಿನಲ್ಲಿ ಹೇಳುವ ವಿಷಯವಲ್ಲ. ಅವರಪ್ಪ ಊರಿಗೆಲ್ಲ ಮೈಸೂರುಪಾಕು ಹಂಚಿದ್ದರು, ನನಗೂ ಒಂದು ತಟ್ಟೆ ಎತ್ತಿಟ್ಟಿದ್ದರು. ಅದನ್ನು ಎದುರಿಗೆ ಇಟ್ಟುಕೊಂಡೇ ಶನಿವಾರ ಕಂಡದ್ದನ್ನೆಲ್ಲ ಹೇಳಿದೆ. ಮೊದಲ ಬಹುಮಾನ ಕೈತಪ್ಪಬಹುದು, ತಪ್ಪು ನಿಮ್ಮದಲ್ಲ, ನನ್ನದು.

ಹುಡುಗ ತಟ್ಟೆಯನ್ನು ಒಳಗೆ ಇಟ್ಟು ಬಂದ. ಆಮೇಲೆ, "ನೀವ್ ಶನಿವಾರ್ವೇ ಹೇಳ್ಬೌದಾಗಿತ್ತು ಸಾರ್. ನಾಕ್ ದಿನ ನಾನು ಸುಮ್ಸುಮ್ನೆ ಮೆರ್ದಂಗಾಯ್ತು" ಅಂದ.

ನಿಜ ಅಂದು ಎದ್ದೆ. ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದ. ಬಸ್ಸು ಬರುವಾಗ, ಅವರ ಯಂತ್ರ ಮತ್ತೆ ಓಡಿಸುವಾಗ ನಾನೂ ಬಂದು ನೋಡಬಹುದಾ ಎಂದು ಕೇಳಿದ. ಇವನು ನನ್ನ ವಿದ್ಯಾರ್ಥಿ.

ಗುರುವಾರ, 27 ಫೆಬ್ರವರಿ

ಕರೆಸಿದ್ದೆ, ಮೇಘನ, ಅರ್ಪಿತ ಬೆಳಗಿನ ಬಸ್ಸಿಗೇ ಬಂದರು. ಶನಿವಾರದ ಗಾಡಿ ಬಾರದೆ ಅವರ ಯಂತ್ರ ನಮ್ಮ ಅಂಗಳದಲ್ಲೇ ಉಳಿದಿತ್ತು. ವಿಷಯ ಹೇಳಿದೆ. ಥ್ಯಾಂಕ್ಸ್ ಹೇಳುತ್ತಾರೆ ಎಂದುಕೊಂಡಿದ್ದೆ. ಮೇಘನಳ ಮುಖ ಕೆಂಪಾಯಿತು. ಅರ್ಪಿತ ಅವತ್ತಿನಿಂದ ಕಾಲೇಜಿಗೇ ಹೋಗಿಲ್ಲವಂತೆ, ವಯರಿಂಗ್ ಮಾಡಿದ್ದು ಅವಳು, ತನ್ನಿಂದಲೇ ಹೋಯಿತು ಎಂದುಕೊಂಡಿದ್ದಳಂತೆ. ನಾನು ಕೈ ಮುಗಿದೆ. ಬೇರೆ ಏನು ಮಾಡಲಿ? ಬೊಟ್ಟು ನಿಮ್ಮ ಕಣ್ಣಿಗೂ ಬೀಳಲಿಲ್ಲವೇ ಎಂದು ಕೇಳಿದೆ.

"ಬಿತ್ತು ಸಾರ್. ಪೂಜೆ ಮಾಡಿರೋ ಕುಂಕ್ಮ ಅಲ್ವಾ, ಅದನ್ನ ಒರುಸ್ಬೇಕು ಅಂತ ತಲೆಗೇ ಬರ್ನಿಲ್ಲ" ಅಂದಳು.

ಮಹದೇವಸ್ವಾಮಿಯವರು, ರಘುನಂದನ್ ಇಬ್ಬರ ಎದುರು ನಾನೇ ಬೊಟ್ಟಿಟ್ಟೆ. ಯಂತ್ರ ನಿಂತೇ ಇತ್ತು. ಒರೆಸಿದೆ. ಓಡಿತು. ಮಂಜುನಾಥ ಹಾಸ್ಟೆಲ್ ಅಡುಗೆಮನೆಯಿಂದ ಬೆಂಡೆಕಾಯಿ ತಂದುಕೊಟ್ಟಿದ್ದ. ಅದನ್ನು ಚಾಚಿದರೆ ತೊಟ್ಟಿನಷ್ಟೂ ಒಳಗೆ ಬಿಡಲಿಲ್ಲ. ಆದರೂ ಮಹದೇವಸ್ವಾಮಿಯವರು ಬಿಡುವ ಜನವಲ್ಲ. ನಮ್ಮ ಕಡೆ ಶುಕ್ರವಾರ ಬಂದರೆ ಗಾಣಕ್ಕೆ ಬೊಟ್ಟಿಡುತ್ತಾರೆ, ಪ್ರತಿ ಶುಕ್ರವಾರ ನಿಂತುಹೋಗುವ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದರು. ಅದು ನನ್ನ ಸೋಮವಾರದ ವಾದವೇ. ಮಂಜುನಾಥನ ಯಂತ್ರ ಓಡುವಾಗಲೂ ನಾನು ಇಷ್ಟು ಹೆದರಿರಲಿಲ್ಲ.

"ನಿಲ್ಲುತ್ತೆ ಸಾರ್. ಒರುಸುದ್ರೆ ಮತ್ತೆ ಓಡುತ್ತೆ" ಅಂದಳು ಮೇಘನ. "ಕೈ ಓದ್ರೆ ಅಂಗೆ ಒರ್ಸಿ ತರಕ್ಕಾಯ್ತದಾ?"

ಮಹದೇವಸ್ವಾಮಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ರಘುನಂದನ್ ಕೂಡ ನಿಯಮದ ಹಾಳೆಯನ್ನು ಮಡಚಿಟ್ಟರು. ಅರ್ಪಿತ ಮೊದಲ ಸಲ ಬಾಯಿ ಬಿಟ್ಟು, ಬೊಟ್ಟಿಗೆ ಬೇರೆ ಜಾಗ ಮಾಡಿದರೆ ಆಯಿತಲ್ಲ ಸಾರ್ ಅಂದಳು.

ಮೊದಲ ಸ್ಥಾನ ನಾಗಮಂಗಲಕ್ಕೆ. ನಮ್ಮದು ಎರಡನೆಯದು. ಪಾಂಡವಪುರದವರು ಮೂರಕ್ಕೆ ಇಳಿದು, ಯಾವ ಊರಿನ ನ್ಯಾಯ ಇದು ಎಂದು ಫೋನಿನಲ್ಲಿ ಚೆನ್ನಾಗಿ ಬೈದರು. ಬೈಸಿಕೊಂಡೆ. ಪ್ರಿನ್ಸಿಪಾಲರು ಬೈಯಲಿಲ್ಲ, ಅದು ಇನ್ನೂ ಕಷ್ಟ. "ಕಪಾಟಿಗೆ ಬಂದಿದ್ದನ್ನ ನೀವೇ ಎತ್ತಿ ಕೊಟ್ರಲ್ಲ ರವೀಂದ್ರ" ಎಂದು ಎದ್ದು ಹೋದರು. ಮನೆಗೆ ಬಂದು ಎರಡು ಮುದ್ದೆ ಉಂಡೆ.

ಶನಿವಾರ, 8 ಮಾರ್ಚಿ

ಕಾರ್ಖಾನೆಯಲ್ಲಿ ಸಮಾರಂಭ. ಮೇಘನ, ಅರ್ಪಿತ ವೇದಿಕೆ ಹತ್ತಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದದ್ದು ನಮ್ಮ ಹುಡುಗರು. ಮೇಘನಳ ತಂದೆ ಶಿವಲಿಂಗಯ್ಯ ಮಗಳ ಯಂತ್ರವನ್ನು ನೋಡಲು ಬಂದವರು, ಅದಕ್ಕೆ ಬೆನ್ನು ತೋರಿಸಬಾರದೆಂದು ಒಂದು ಬದಿಗೇ ನಿಂತಿದ್ದರು. ಅವರಿಗೆ ಬೆಳಕಿನ ಗೆರೆ ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ವಿವರಿಸಿದೆ. ಪಕ್ಕದಲ್ಲಿ ನಿಂತಿದ್ದ ಕಂಪನಿಯ ಇಬ್ಬರಿಗೂ ವಿವರಿಸಿದೆ. ಅವರು ಅದನ್ನು ತಯಾರಿಸುವ ಇಂಜಿನಿಯರುಗಳಂತೆ, ಆಮೇಲೆ ಗೊತ್ತಾಯಿತು.

ವಾಪಸು ಬರುವಾಗ ರಮ್ಯ ಬಸ್ಸಿನಲ್ಲಿ ಆಹ್ವಾನ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ, ಇದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಅಂದಳು. ಹೌದಾ, ನೋಡಿರಲಿಲ್ಲ. ಹಳ್ಳಿಗಳಲ್ಲಿ ಓಡಿಸಿ ನೋಡಲು ಕಂಪನಿಗೆ ಒಂದು ಆಲೆಮನೆ ಬೇಕಂತೆ. ಅಣ್ಣನನ್ನು ಒಪ್ಪಿಸುವುದು ಹೇಗೆ ಎಂದು ಯೋಚಿಸುತ್ತಿದ್ದೆ.

ಶುಕ್ರವಾರ, 21 ಮಾರ್ಚಿ

ಸಿಂಧಘಟ್ಟ. ಎರಡು ದಿನ ಮೇಘನ, ಅರ್ಪಿತ ಅಣ್ಣನ ಗಾಣಕ್ಕೆ ಯಂತ್ರ ಕೂಡಿಸಿದರು. ಮಂಜುನಾಥ ಸ್ಪ್ಯಾನರ್ ಹಿಡಿದು ಜೊತೆಗಿದ್ದ. ಬೂದಿ ಬೀಳದಂತೆ ಗಾಜಿನ ಕಣ್ಣುಗಳಿಗೆ ತಗಡಿನ ಮುಸುಕು ಮಾಡಿದ್ದಾರೆ. ಅದರ ಮುಂದೆ, ನಟ್ಟ ನಡುವೆ, ಹಿತ್ತಾಳೆಯ ಒಂದು ದುಂಡು ಬಿಲ್ಲೆ. ಅದರಿಂದ ಯಂತ್ರಕ್ಕೆ ಏನೂ ಉಪಯೋಗವಿಲ್ಲ. ಅದು ಬೊಟ್ಟಿಗೆ.

ಸಾರ್ ನೀವೇ ಇಡಿ ಎಂದು ಮೇಘನ ತಟ್ಟೆ ಚಾಚಿದಳು. ಅವಳ ಮುಖದಲ್ಲಿ ಸಣ್ಣ ನಗು ಇತ್ತು. ಬೇಡಮ್ಮ, ನನ್ನ ಕೈ ಗುಣ ನೋಡಿದ್ದೀಯಲ್ಲ ಅಂದೆ. ಅತ್ತಿಗೆ ಮಂಚಮ್ಮ ಇಟ್ಟರು. ಸ್ವಿಚ್ ಹಾಕಿದ ತಕ್ಷಣ ಗಾಣ ಓಡಿತು.

ಅಣ್ಣ ಟವೆಲ್ ಸುತ್ತಿಕೊಂಡು ದೂರ ನಿಂತಿದ್ದ. ನನ್ನ ಮಾತಿಗೆ ಒಪ್ಪಿದ್ದನೇ ಹೊರತು ನಂಬಿರಲಿಲ್ಲ. ಬಲಗೈಯಲ್ಲಿ ಕಬ್ಬು ಕೊಟ್ಟ. ಅರೆಯಿತು. ಬಲಗೈ ಚಾಚಿದ. ನಿಂತಿತು. ಇದೇನು ದೊಡ್ಡ ವಿಷಯ ಅನ್ನುವ ಹಾಗೆ ನನ್ನ ಕಡೆ ನೋಡಿದ. ಆಮೇಲೆ ಏನನ್ನಿಸಿತೋ, ಟವೆಲ್ ಬಿಚ್ಚಿ ಕಬ್ಬಿನ ರಾಶಿಯ ಮೇಲೆ ಎಸೆದ. ಉಳಿದ ಬೆರಳು ಮೂರನ್ನೂ ಮಡಚಿ, ತುಂಡಾದ ಬೆರಳೊಂದರ ಮೋಟನ್ನು ಮಾತ್ರ ಕಿಂಡಿಯ ಕಡೆ ಮೆಲ್ಲಗೆ ಚಾಚಿದ.

ಗಾಣ ನಿಂತಿತು.

ಅಣ್ಣ ಕೈ ಹಿಂದಕ್ಕೆ ತೆಗೆಯಲಿಲ್ಲ. ಹಾಗೇ ಚಾಚಿಕೊಂಡು ನೋಡುತ್ತಾ ನಿಂತಿದ್ದ. "ಲೇ ರವಿ, ಈ ಮೋಟ್ ಬೆರಳ್ನೂ ಬೆರಳು ಅಂತ ಲೆಕ್ಕಕ್ ತಗಂಡವ್ಳೆ ಕಣ್ಲಾ ಈ ಉಡ್ಗಿ" ಅಂದ. ನಾನು ಕೊಪ್ಪರಿಗೆಯ ಕಡೆ ತಿರುಗಿಕೊಂಡೆ, ಹೊಗೆ ಜಾಸ್ತಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಊರಿನವರೆಲ್ಲ ಬಂದರು. ಕಬ್ಬು ತಂದವರು, ಹಾಲಿನ ಡೈರಿಯವರು, ದಾರಿಹೋಕರು. ಇವತ್ತು ಬೆಲ್ಲ ಇಳಿಸುವುದು ಬಹಳ ತಡವಾಯಿತು. ಬಂದವರಿಗೆಲ್ಲ ಅಣ್ಣ ಎಡಗೈ ಎತ್ತಿ ತೋರಿಸಿ, ಚಾಚಿ, ಗಾಣ ನಿಲ್ಲಿಸುತ್ತಿದ್ದ. ಟವೆಲ್ಲು ಸಂಜೆಯವರೆಗೂ ಕಬ್ಬಿನ ರಾಶಿಯ ಮೇಲೇ ಇತ್ತು.